ಕಲ್ಲಿನ ನಗರದ ಕರುಣೆ

ತಾಷ್ಕೆಂಟ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಹಿರಿಯರಿಗೆ ನೆನಪಾಗುವುದು 1966ರ ಜನವರಿ. ಸೋವಿಯತ್ ಪ್ರಧಾನಿ ಕೊಸಿಗಿನ್ ಅವರ ಮಧ್ಯಸ್ಥಿಕೆಯಲ್ಲಿ ನಮ್ಮ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರೂ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರೂ ಆ ತಿಂಗಳ 10ರಂದು ಅಲ್ಲಿ ಶಾಂತಿ ಘೋಷಣೆಗೆ ಸಹಿ ಹಾಕಿದರು. ಮರುದಿನ ಬೆಳಕು ಹರಿಯುವ ಮೊದಲೇ ಶಾಸ್ತ್ರಿಯವರು ಅಲ್ಲಿಯೇ ಕೊನೆಯುಸಿರೆಳೆದರು. ಆಲಮಟ್ಟಿಯ ಜಲಾಶಯಕ್ಕೆ ಅವರ ಹೆಸರಿಟ್ಟು ಕನ್ನಡ ನಾಡು ಅವರನ್ನು ನೆನೆಯುತ್ತಿದೆ. ತಾಷ್ಕೆಂಟ್ ಕೂಡ ಒಂದು ಬೀದಿಗೆ ಅವರ ಹೆಸರನ್ನಿಟ್ಟು, ಅವರ ಪ್ರತಿಮೆಯನ್ನು ಸ್ಥಾಪಿಸಿದೆ.

ಇಂದು ಉಜ್ಬೇಕಿಸ್ತಾನದ ರಾಜಧಾನಿಯಾಗಿರುವ ಈ ನಗರದ ಹೆಸರಿಗೆ 'ಕಲ್ಲಿನ ಊರು' ಎಂದರ್ಥ. ಪ್ರವಾಸಿಗರನ್ನು ಸೆಳೆಯುವ ತಾಣಗಳಿಗೆ ಇಲ್ಲಿ ಕೊರತೆಯಿಲ್ಲ. ನೀಲಿ ಗುಮ್ಮಟದ ಚೋರ್ಸು ಮಾರುಕಟ್ಟೆ, ಅದರ ಸಮೀಪದಲ್ಲೇ 16ನೆಯ ಶತಮಾನದ ಕುಕೆಲ್ದಾಶ್ ಮದರಸಾ, ಅರಮನೆಯ ಸಭಾಂಗಣಗಳಂತೆ ಅಲಂಕೃತವಾದ ಭೂಗತ ರೈಲು ನಿಲ್ದಾಣಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಆದರೆ ಈ ನಗರದ ಅಂತರಂಗವನ್ನು ಅರಿಯಬೇಕಾದರೆ ಬೇರೆ ಕೆಲವು ಕುರುಹುಗಳ ಮುಂದೆ ನಿಲ್ಲಬೇಕಾಗುತ್ತದೆ.

ಅವುಗಳಲ್ಲಿ ಮೊದಲನೆಯದು, ಸೀಳಿದ ಒಂದು ಕಪ್ಪು ಕಲ್ಲು. ಶಾಸ್ತ್ರಿಯವರು ಅಗಲಿದ ವರ್ಷವೇ, ಏಪ್ರಿಲ್ 26ರ ನಸುಕಿನಲ್ಲಿ ತಾಷ್ಕೆಂಟ್ ನಡುಗಿತು. ಕಂಪನ ಅತಿ ತೀವ್ರವಾಗಿರಲಿಲ್ಲ. ಆದರೆ ಅದರ ಕೇಂದ್ರ ನಗರದ ಕೆಳಗೇ, ಹೆಚ್ಚು ಆಳವಿಲ್ಲದೆ ಇತ್ತು. ಹೆಸರಿಗೆ ಕಲ್ಲಿನ ಊರಾದರೂ ಹಳೆಯ ಬಡಾವಣೆಗಳ ಮನೆಗಳು ಹಸಿ ಇಟ್ಟಿಗೆಯವು, ಅವು ಕುಸಿದುಬಿದ್ದವು. ಸುಮಾರು 3 ಲಕ್ಷ ಜನ ನಿರಾಶ್ರಿತರಾದರು. ಸೋವಿಯತ್ ಒಕ್ಕೂಟದ ಎಲ್ಲ ಗಣರಾಜ್ಯಗಳಿಂದ ಕಾರ್ಮಿಕರು ಬಂದು ನಗರವನ್ನು ಮತ್ತೆ ಕಟ್ಟಿದರು. ಹತ್ತು ವರ್ಷಗಳ ತರುವಾಯ, 1976ರಲ್ಲಿ, ಸ್ಮಾರಕವೊಂದು ಸಿದ್ಧವಾಯಿತು. ಅದರ ಕಲ್ಲಿನ ಮೇಲೆ ಆ ದಿನಾಂಕವೂ ಗಡಿಯಾರದ ಮುಖವೂ ಕೆತ್ತಲ್ಪಟ್ಟಿವೆ. ಕಲ್ಲನ್ನು ಸೀಳಿದ ಬಿರುಕು ನೆಲದಲ್ಲಿ ಹರಿದು, ತಾಯಿ ಮಗುವಿಗೆ ಅಡ್ಡವಾಗಿ ನಿಂತ ಪುರುಷನೊಬ್ಬನ ಪಾದದವರೆಗೆ ಬರುತ್ತದೆ. ತನ್ನ ಗಾಯವನ್ನು ಆ ನಗರ ಮರೆಮಾಚಲಿಲ್ಲ.

ಎರಡನೆಯದು, ಒಂದು ಕುಟುಂಬದ ಕಂಚಿನ ಪ್ರತಿಮೆ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ, ಯುದ್ಧಪೀಡಿತ ಪ್ರದೇಶಗಳಿಂದ ತಾಯ್ತಂದೆಯರನ್ನು ಕಳೆದುಕೊಂಡ ಸಹಸ್ರಾರು ಮಕ್ಕಳು ರೈಲುಗಳಲ್ಲಿ ಉಜ್ಬೇಕಿಸ್ತಾನಕ್ಕೆ ಬಂದರು. ತಾಷ್ಕೆಂಟಿನ ಕಮ್ಮಾರ ಶಾಅಹ್ಮದ್ ಶಾಮಹ್ಮೂದೊವ್ ಮತ್ತು ಆತನ ಮಡದಿ ಬಹ್ರಿ ಅಂಥ 15 ಅನಾಥ ಮಕ್ಕಳನ್ನು ದತ್ತು ತೆಗೆದುಕೊಂಡರು. ಆ ಮಕ್ಕಳ ಜನಾಂಗಗಳು ಬೇರೆ, ಭಾಷೆಗಳು ಬೇರೆ. ಊಟಕ್ಕೇ ತತ್ವಾರವಾಗಿದ್ದ ಕಾಲದಲ್ಲಿ ಅವರೆಲ್ಲರಿಗೂ ಒಂದೇ ಒಲೆಯ ಅನ್ನ ದೊರೆಯಿತು. 1982ರಲ್ಲಿ ನಗರದ ಚೌಕದಲ್ಲಿ ಈ ಕುಟುಂಬದ ಸ್ಮಾರಕ ನಿಂತಿತು. 2008ರಲ್ಲಿ ಅದನ್ನು ಅಲ್ಲಿಂದ ತೆಗೆದು ಊರಿನ ಅಂಚಿಗೆ ಸಾಗಿಸಲಾಯಿತಾದರೂ, ಸುಮಾರು ಹತ್ತು ವರ್ಷಗಳ ನಂತರ ಅದು ಮೂಲ ಸ್ಥಾನಕ್ಕೇ ಮರಳಿತು. ಕರುಣೆಯ ನೆನಪನ್ನು ಬದಿಗೆ ಸರಿಸಬಹುದು, ಬಹುಕಾಲ ದೂರವಿಡಲಾಗದು.

ಮೂರನೆಯದು, ಯೇಸುವಿನ ಪವಿತ್ರ ಹೃದಯದ ಕಥೋಲಿಕ ದೇವಾಲಯ. ಜನರ ಬಾಯಲ್ಲಿ ಇದು 'ಪೋಲಿಷ್ ಚರ್ಚ್'. 1912ರಲ್ಲಿ ಆರಂಭವಾದ ಇದರ ನಿರ್ಮಾಣದಲ್ಲಿ ಪೋಲಿಷರಷ್ಟೇ ಅಲ್ಲ, ಮೊದಲನೆಯ ಮಹಾಯುದ್ಧದ ಸೆರೆಯಾಳುಗಳೂ ದುಡಿದರು. ಕ್ರಾಂತಿಯ ನಂತರ ಕೆಲಸ ನಿಂತುಹೋಯಿತು. ಅರೆಬರೆ ಕಟ್ಟಡ ಅನ್ಯ ಕಾರ್ಯಗಳಿಗೆ ಬಳಕೆಯಾಗಿ ಶಿಥಿಲವಾಯಿತು. ಅದು ಪೂರ್ಣಗೊಂಡದ್ದು 2000ದಲ್ಲಿ. ಅಡಿಪಾಯ ಹಾಕಿದವರಲ್ಲಿ ಯಾರೂ ಅದನ್ನು ನೋಡಲು ಉಳಿದಿರಲಾರರು. ಆದರೂ ಅವರ ಶ್ರಮ ವ್ಯರ್ಥವಾಗಲಿಲ್ಲ.

ಸಾಮಾನ್ಯವಾಗಿ ನಗರಗಳು ದಂಡೆತ್ತಿ ಗೆದ್ದವರನ್ನು ಕುದುರೆಯ ಮೇಲೆ ಕೂರಿಸಿ ನಿಲ್ಲಿಸುತ್ತವೆ. ತಾಷ್ಕೆಂಟಿನಲ್ಲೂ ಕುದುರೆಯೇರಿದ ತೈಮೂರನಿದ್ದಾನೆ. ಆದರೆ ಆತ ಎಷ್ಟು ರಾಜ್ಯಗಳನ್ನು ಗೆದ್ದನೆಂಬುದಕ್ಕಿಂತ, ಒಬ್ಬ ಕಮ್ಮಾರನ ಮನೆಯಲ್ಲಿ ಎಷ್ಟು ಮಕ್ಕಳು ಉಂಡರೆಂಬುದೇ ಮನಸ್ಸಿನಲ್ಲಿ ನಿಲ್ಲುತ್ತದೆ. ರಜೆಯಲ್ಲಿ ಮಕ್ಕಳನ್ನು ಊರೂರು ಸುತ್ತಿಸುವ ನಾವು ಕೋಟೆ, ಅರಮನೆಗಳನ್ನು ತಪ್ಪದೆ ತೋರಿಸುತ್ತೇವೆ. ಆ ಊರಿನಲ್ಲಿ ಪರರಿಗಾಗಿ ಬಾಗಿಲು ತೆರೆದವರು ಯಾರೆಂಬುದನ್ನೂ ಅವರಿಗೆ ಹೇಳುತ್ತೇವೆಯೇ?