ಗಡಿನಾಡಿನ ಹಳೇ ಜೀಪು

ಚಿಕ್ಕೋಡಿ ಸೀಮೆಯ ಎರಿ ಹೊಲಗಳಲ್ಲಿ ಒಂದು ಹದ ಮಳೆಯಾದರೆ ಸಾಕು, ಬಂಡಿದಾರಿಗಳೆಲ್ಲ ಜಿಗಟು ಕೆಸರಾಗುತ್ತವೆ. ಚಕ್ರಕ್ಕೆ ಮೆತ್ತಿದ ಮಣ್ಣು ಮಡ್‌ಗಾರ್ಡಿನ ತನಕ ತುಂಬಿ ಗಾಡಿ ನಿಂತಲ್ಲೇ ನಿಲ್ಲುತ್ತದೆ. ನಿಪ್ಪಾಣಿಯ ತಂಬಾಕು, 1939ರಲ್ಲಿ ಹುಟ್ಟಿದ ಉಗಾರದ ಸಕ್ಕರೆ ಕಾರ್ಖಾನೆ, ಅಥಣಿ-ರಾಯಬಾಗಗಳ ಕಬ್ಬು, ಹೀಗೆ ಇಲ್ಲಿನ ವ್ಯವಹಾರವೆಲ್ಲ ಹೊಲದ ಬದುವಿನಿಂದಲೇ ಶುರುವಾಗುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಜೀಪು ಈ ನೆಲದಲ್ಲಿ ಬೇರು ಬಿಟ್ಟಿದ್ದು ಅಗತ್ಯದಿಂದಲೇ. ಅದೇ ಜೀಪನ್ನು ಇಂದು ಷೋಕಿಗಾಗಿ, ಮಾರಾಟಕ್ಕಾಗಿ ಹುಡುಕಿಕೊಂಡು ಬರುವವರು ಅದರ ಹಿಂದಿನ ಬದುಕನ್ನೂ ಅರಿಯಬೇಕು.

ಎರಡನೇ ಮಹಾಯುದ್ಧದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಅಮೆರಿಕದ ಸೇನೆಗಾಗಿ 6 ಲಕ್ಷಕ್ಕೂ ಹೆಚ್ಚು ಜೀಪು ಕಟ್ಟಿದವು. ಯುದ್ಧ ಮುಗಿದ ವರ್ಷ, 1945ರ ಅಕ್ಟೋಬರ್ 2ರಂದು, ‘ಮಹೀಂದ್ರಾ ಅಂಡ್ ಮೊಹಮ್ಮದ್’ ಕಂಪನಿ ಹುಟ್ಟಿತು. ದೇಶ ವಿಭಜನೆಯಾದಾಗ ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ‘ಮಹೀಂದ್ರಾ ಅಂಡ್ ಮಹೀಂದ್ರಾ’ ಆಯಿತು. ಅಮೆರಿಕದಿಂದ ಬಿಡಿಭಾಗ ತರಿಸಿ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲೇ ಜೋಡಿಸತೊಡಗಿತು.

ಆಗ ಈ ಸೀಮೆಯ ಮುಖವೂ ಮುಂಬಯಿಯ ಕಡೆಗೇ ಇತ್ತು. ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದರೂ ಗಾಡಿ, ಬಿಡಿಭಾಗ, ದುರಸ್ತಿಯ ದಾರಿ ಬದಲಾಗಲಿಲ್ಲ. ನಿಪ್ಪಾಣಿ ಇರುವುದೇ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ. ಅಲ್ಲಿಂದ ಕೊಲ್ಹಾಪುರದ ಶಿವಾಜಿ ಉದ್ಯಮನಗರದ ಲೇತ್ ಅಂಗಡಿಗಳು, ಎರಕದ ಕಾರ್ಖಾನೆಗಳು ಸುಮಾರು 40 ಕಿಲೋಮೀಟರ್. ಕಾಗವಾಡದವರಿಗೆ ಮಿರಜ ಇನ್ನೂ ಹತ್ತಿರ.

ಹಳ್ಳಿಯ ಜನ ಜೀಪನ್ನು ಹೆಚ್ಚಾಗಿ ಕಂಡಿದ್ದು ಸರ್ಕಾರದ ಗಾಡಿಯಾಗಿ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಬ್ಲಾಕ್ ಅಧಿಕಾರಿಗಳ ಜೀಪು ಊರೂರಿಗೆ ಬಂತು. ಕಂದಾಯ, ಪೊಲೀಸ್, ನೀರಾವರಿ, ಎಲ್ಲ ಇಲಾಖೆಗಳಲ್ಲೂ ಅದೇ ಓಡಿತು. ಸೇವೆ ಮುಗಿದ ಗಾಡಿಗಳು ಹರಾಜಿಗೆ ಬಂದಾಗ ಕೊಂಡವರು ವ್ಯಾಪಾರಿಗಳು, ದೊಡ್ಡ ರೈತರು, ಗ್ಯಾರೇಜಿನವರು. ಹಳೇ ಜೀಪಿನ ಎರಡನೇ ಬದುಕು ಅಲ್ಲಿಂದ ಆರಂಭ.

ಜೀಪನ್ನು ಬಲ್ಲವರು ಮೊದಲು ನೋಡುವುದು ಬಾನೆಟ್ಟಿನ ಎತ್ತರ. ಯುದ್ಧಕಾಲದ ಮಾದರಿಯದು ‘ಲೋ ಬಾನೆಟ್’. ಮುಂದೆ ಬಂದ ಸಿಜೆ-3ಬಿ ಮಾದರಿಯ ಹರಿಕೇನ್ ಪೆಟ್ರೋಲ್ ಎಂಜಿನ್ ಎತ್ತರವಾಗಿದ್ದರಿಂದ ಅದನ್ನು ಮುಚ್ಚಲು ಬಾನೆಟ್ ಎತ್ತರಿಸಬೇಕಾಯಿತು. ಅದೇ ‘ಹೈ ಬಾನೆಟ್’. ಒಳಗೆ ದೊಡ್ಡ ಗೇರ್ ಲಿವರಿನ ಪಕ್ಕ ಎರಡು ಗಿಡ್ಡ ಲಿವರ್‌ಗಳು. ಒಂದು ಮುಂದಿನ ಚಕ್ರಗಳಿಗೆ ಬಲ ಜೋಡಿಸಿದರೆ, ಇನ್ನೊಂದು ವೇಗ ತಗ್ಗಿಸಿ ಎಳೆತ ಹೆಚ್ಚಿಸುತ್ತದೆ. ಹಳೇ ವಿಲ್ಲಿಸ್‌ಗಳಲ್ಲಿ ಎಡಬದಿಯ ಚಕ್ರದ ನಟ್ಟುಗಳಿಗೆ ಉಲ್ಟಾ ಮರೆ ಇರುತ್ತದೆ. ಇದನ್ನರಿಯದ ಹೊಸ ಹುಡುಗರು ರೂಢಿಯಂತೆ ತಿರುಗಿಸಿ ಬೋಲ್ಟನ್ನೇ ಮುರಿಯುತ್ತಾರೆ.

1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ತುಟ್ಟಿಯಾಯಿತು. ದೇಶದ ಉದ್ದಗಲಕ್ಕೂ ಜೀಪಿನ ಮಾಲೀಕರು ಮೂಲ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ಮ್ಯಾಟಡೋರಿನ ಎಂಜಿನ್ ಜೀಪಿಗೆ ಬಂದದ್ದುಂಟು. ಮೌಂಟಿಂಗ್ ಬೆಸುಗೆ ಹಾಕಿ, ರೇಡಿಯೇಟರ್ ಮುಂದೆ ಸರಿಸಿ, ಭಾರಕ್ಕೆ ತಕ್ಕಂತೆ ಮುಂದಿನ ಪಾಟಾ ಗಟ್ಟಿ ಮಾಡಿ ಮಿಸ್ತ್ರಿಗಳು ಗಾಡಿ ಉಳಿಸಿದರು. ಈ ಕೈಚಳಕ ಇರದಿದ್ದರೆ ಅವುಗಳಲ್ಲಿ ಬಹುಪಾಲು ಅಂದೇ ಗುಜರಿ ಸೇರುತ್ತಿದ್ದವು.

ಎಂಬತ್ತರ ದಶಕದಲ್ಲಿ ಮಹೀಂದ್ರಾ ಕಂಪನಿಯೇ ಪ್ಯೂಜೋ ಡೀಸೆಲ್ ಎಂಜಿನ್ನಿನ ಎಂಎಂ 540 ತಂದಿತು. 1985ರ ಕೊನೆಗೆ ಮಾರುತಿ ಜಿಪ್ಸಿ ಬಂತು. ಆಮೇಲೆ ಟ್ರ್ಯಾಕ್ಸ್, ಕಮಾಂಡರ್‌ಗಳು ಸಂತೆಗೆ, ಜಾತ್ರೆಗೆ, ಮದುವೆಗೆ ಜನರನ್ನು ಹೊತ್ತು ಓಡಿದವು. 2010ರಲ್ಲಿ ಥಾರ್ ಬಂದ ಮೇಲೆ ಜೀಪು ಪೇಟೆಯ ಹುಡುಗರ ಕನಸಾಗಿ, ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದ್ದ ಅದರ ಹಿರಿಯಣ್ಣಂದಿರಿಗೂ ಬೆಲೆ ಬಂತು.

ಇಂಥ ಗಾಡಿ ಕೊಳ್ಳುವವರು ಹೊಳೆಯುವ ಬಣ್ಣ ನೋಡಿ ಮರುಳಾಗಬಾರದು. ಮಂಡಿಯೂರಿ ಅಡಿಗೆ ಬಗ್ಗಬೇಕು. ಜನ ಸಾಗಿಸಿದ ಕಮಾಂಡರ್‌ಗಳಲ್ಲಿ ಅನೇಕವು ಹಿಂದಿನ ಎರಡು ಚಕ್ರದ ಬಲದಲ್ಲಷ್ಟೇ ಓಡುವಂಥವು. ಮುಂದಿನ ಆಕ್ಸಲ್ಲಿನಲ್ಲಿ ಡಿಫರೆನ್ಷಿಯಲ್ಲಿನ ಗುಂಡು ಹೌಸಿಂಗ್, ಅದಕ್ಕೆ ಬರುವ ಶಾಫ್ಟು ಇದ್ದರೆ ಮಾತ್ರ ನಾಲ್ಕೂ ಚಕ್ರದ ಗಾಡಿ. ನದಿದಂಡೆಯ ಊರುಗಳಲ್ಲಿ ಇನ್ನೊಂದು ಪರೀಕ್ಷೆಯೂ ಬೇಕು. 2005 ಮತ್ತು 2019ರಲ್ಲಿ ಕೃಷ್ಣೆಯ ಪ್ರವಾಹ ಈ ತಾಲ್ಲೂಕುಗಳನ್ನು ಮುಳುಗಿಸಿತು. ಹೌಸಿಂಗಿನ ಬಿರಡೆ ಬಿಚ್ಚಿದಾಗ ಗೇರ್ ಆಯಿಲ್ ಹಾಲು ಬೆರೆತ ಚಹಾದಂತೆ ಕಂಡರೆ ಒಳಗೆ ನೀರು ಹೊಕ್ಕಿದೆ ಎಂದೇ ಅರ್ಥ. ಚಾಸಿಯ ಸಂದಿಯಲ್ಲಿ ಒಣಗಿದ ನುಣುಪು ಮಣ್ಣು ಸಿಕ್ಕರೆ ಗಾಡಿ ಹೊಳೆ ಕಂಡಿದೆ.

ಕಬ್ಬಿಣಕ್ಕಿಂತ ಕಾಗದ ಕಠಿಣ. ಎಂಎಚ್ 09 ಎಂದರೆ ಕೊಲ್ಹಾಪುರ, ಕೆಎ 23 ಎಂದರೆ ಚಿಕ್ಕೋಡಿ. ಗಡಿ ದಾಟಿ ಬಂದ ಗಾಡಿಗೆ ಮೂಲ ಆರ್‌ಟಿಓ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. 12 ತಿಂಗಳು ಮೀರಿ ಇಲ್ಲೇ ಇದ್ದರೆ ಮರುನೋಂದಣಿ ಆಗಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಚಾಸಿ ನಂಬರನ್ನು ಆರ್‌ಸಿ ಪುಸ್ತಕದ ಜೊತೆ ಅಕ್ಷರ ಅಕ್ಷರ ಹೋಲಿಸಬೇಕು. 2022ರ ಏಪ್ರಿಲ್‌ನಿಂದ 15 ವರ್ಷ ಮೀರಿದ ಕಾರು-ಜೀಪುಗಳ ನೋಂದಣಿ ನವೀಕರಣಕ್ಕೆ ಕೇಂದ್ರ ಸರ್ಕಾರ 5,000 ರೂಪಾಯಿ ಶುಲ್ಕ ನಿಗದಿ ಮಾಡಿತ್ತು. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ.

2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮ ಹಳೇ ಜೀಪುಗಳಿಗೆ ಹೊಸ ಬಾಗಿಲು ತೆರೆಯಿತು. ಮೊದಲ ನೋಂದಣಿಯಿಂದ 50 ವರ್ಷ ತುಂಬಿದ ಖಾಸಗಿ ಗಾಡಿಗೆ 20,000 ರೂಪಾಯಿ ಶುಲ್ಕದಲ್ಲಿ ‘ವಿಎ’ ಸಾಲಿನ ನಂಬರ್ ಸಿಗುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಡೀಸೆಲ್ ಎಂಜಿನ್ ಹೊತ್ತು ಹೊಲದಲ್ಲಿ ದುಡಿದ ಜೀಪಿಗೆ ಈ ಬಾಗಿಲು ಸಲೀಸಾಗಿ ತೆರೆಯದು. ಅದನ್ನು ಬದುಕಿಸಿದ ದುರಸ್ತಿಯೇ ಈಗ ಅದಕ್ಕೆ ಅಡ್ಡ ನಿಂತಿದೆ.

ಮೂಲ ಎಂಜಿನ್ ಉಳಿದಿರುವ ಗಾಡಿ ಸಿಕ್ಕರೆ ಅದನ್ನು ಮೂಲ ರೂಪಕ್ಕೇ ತರಬೇಕು. ಅಗಲ ಟೈರು, ಬಣ್ಣದ ದೀಪಗಳ ಆಸೆಗೆ ಬೀಳಬಾರದು. ಡೀಸೆಲ್‌ಗೆ ಬದಲಾದ ಗಾಡಿಯಾದರೆ ಆ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿದೆಯೇ ನೋಡಿ, ಮಾರುವಾಗ ಹಾಗೆಂದೇ ಹೇಳಿ ಮಾರಬೇಕು. ಮನೆಯಲ್ಲಿ ಅಜ್ಜನ ಕಾಲದ ಜೀಪು ಇದ್ದವರು ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ಟ್ರಂಕಿನಲ್ಲಿರುವ ಆರ್‌ಸಿ ಪುಸ್ತಕ, ಹರಾಜಿನ ರಸೀದಿ, ತೆರಿಗೆ ಚೀಟಿಗಳನ್ನು ಹುಡುಕಿ ತೆಗೆದಿಡಲಿ. ಗಾಡಿಯನ್ನು ಬಿಚ್ಚಿ ಕಟ್ಟಿದ ಹಿರಿಯ ಮಿಸ್ತ್ರಿ ಊರಲ್ಲಿದ್ದರೆ ಯಾವ ವರ್ಷ ಏನು ಬದಲಾಯಿಸಿದರೆಂದು ಕೇಳಿ ಬರೆದುಕೊಳ್ಳಲಿ.