ಆಟಗಾರನ ಸಂಬಳಕ್ಕೆ ಮೇರೆ

ಮರಳವಾಡಿಯ ಕಡೆಯ ರೈತನೊಬ್ಬ ರೇಷ್ಮೆಗೂಡನ್ನು ಚೀಲಗಳಿಗೆ ತುಂಬಿ ರಾಮನಗರದ ಮಾರುಕಟ್ಟೆಗೆ ಒಯ್ದನೆಂದು ಇಟ್ಟುಕೊಳ್ಳೋಣ. ಅಲ್ಲಿ ಗೂಡು ಎಲ್ಲರ ಕಣ್ಣೆದುರಿಗೆ ಹರಡಿರುತ್ತದೆ. ಹರಾಜು ಬಹಿರಂಗವಾಗಿ ನಡೆಯುತ್ತದೆ. ತೂಕವೂ ಬೆಲೆಯೂ ಲೆಕ್ಕಕ್ಕೆ ಏರುತ್ತವೆ. ಮಾರುಕಟ್ಟೆಯ ಹೊರಗೆ ಗುಟ್ಟಾಗಿ ಗೂಡಿನ ವ್ಯಾಪಾರ ನಡೆಸಕೂಡದೆಂಬುದು ೧೯೫೯ರ ಕಾಯ್ದೆಯಿಂದ ಬಂದ ಕಟ್ಟುಪಾಡು. ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಕಂಡವರಿಗೆ ಈ ಕಟ್ಟುಪಾಡಿನ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಟವಲಿನ ಕೆಳಗಿನ ಬೆಲೆ ಇಬ್ಬರಿಗೆ ಮಾತ್ರ ಗೊತ್ತು. ಎತ್ತಿನ ಒಡೆಯನಿಗೆ ಅನೇಕ ವೇಳೆ ಗೊತ್ತಿರುವುದಿಲ್ಲ.

ಈಗ ಕ್ರಿಕೆಟ್ ಆಟಗಾರರನ್ನೂ ಹರಾಜಿನಲ್ಲಿ ಕೂಗುತ್ತಾರೆ. ಒಂದೊಂದು ತಂಡ ಇಷ್ಟೇ ಹಣ ವೆಚ್ಚ ಮಾಡಬೇಕೆಂಬ ಮೇರೆಯೂ ಉಂಟು. ಆದರೆ ಕೂಗಿದ ಬೆಲೆಯೇ ನಿಜವಾದ ಬೆಲೆಯೆ, ಟವಲಿನ ಕೆಳಗೆ ಬೇರೊಂದು ಲೆಕ್ಕವುಂಟೆ, ಎಂಬ ಸಂಶಯ ಜನರನ್ನು ಬಿಟ್ಟಿಲ್ಲ. ಈ ಸಂಶಯಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ.

ಕಥೆ ಆರಂಭವಾಗುವುದು ಇಂಗ್ಲೆಂಡಿನ ಉತ್ತರಭಾಗದ ಗಿರಣಿ ಊರುಗಳಲ್ಲಿ. ರಗ್ಬಿ ಎಂಬುದು ಮೊಟ್ಟೆಯಾಕಾರದ ಚೆಂಡನ್ನು ತೋಳಿನಲ್ಲಿ ಅವಚಿಕೊಂಡು ಓಡುವ ಆಟ. ಎದುರಾಳಿಯನ್ನು ಹಿಡಿದು ಕೆಡಹುವುದರಲ್ಲಿ ನಮ್ಮ ಕಬಡ್ಡಿಗೆ ನೆಂಟ. ಉಳ್ಳವರ ಮಕ್ಕಳು ಅದನ್ನು ಹವ್ಯಾಸಕ್ಕಾಗಿ ಆಡುತ್ತಿದ್ದರು. ಗಣಿ ಕೆಲಸದವನೂ ಗಿರಣಿ ಕೆಲಸದವನೂ ಆಡಬೇಕಾದರೆ ಶನಿವಾರದ ಕೂಲಿಯನ್ನು ಕಳೆದುಕೊಳ್ಳಬೇಕಾಗಿತ್ತು. ಆ ನಷ್ಟವನ್ನಾದರೂ ತುಂಬಿಕೊಡಿ ಎಂಬ ಬೇಡಿಕೆಗೆ ಆಟದ ಹಿರಿಯರು ೧೮೯೩ರಲ್ಲಿ ಒಪ್ಪಲಿಲ್ಲ. ೧೮೯೫ರ ಆಗಸ್ಟ್ ೨೯ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ಬೇರೆಯಾದವು. ಇದೇ ಮುಂದೆ ರಗ್ಬಿ ಲೀಗ್ ಎನಿಸಿತು. ತಪ್ಪಿದ ಕೂಲಿಗೆ ಬದಲಾಗಿ ದಿನಕ್ಕೆ ೬ ಷಿಲ್ಲಿಂಗ್ ಕೊಡಬಹುದು, ಅದಕ್ಕಿಂತ ಹೆಚ್ಚು ಕೂಡದು ಎಂಬುದು ಅವರ ನಿಯಮ. ಕೂಲಿಗಾಗಿಯೇ ಹುಟ್ಟಿದ ಆಟಕ್ಕೆ ಹುಟ್ಟಿನಲ್ಲಿಯೇ ಕೂಲಿಯ ಮೇರೆಯೂ ಅಂಟಿಕೊಂಡಿತು.

ಇಂಗ್ಲೆಂಡಿನ ಕಾಲ್ಚೆಂಡಾಟದಲ್ಲಿ ಇನ್ನೊಂದು ಬಗೆಯ ಮೇರೆ ಬಂದಿತು. ಎಂಥ ಶೂರನಾದರೂ ವಾರಕ್ಕೆ ೪ ಪೌಂಡಿಗಿಂತ ಹೆಚ್ಚು ಪಡೆಯಕೂಡದೆಂದು ೧೯೦೧ರಲ್ಲಿ ವಿಧಿಸಿದರು. ಆರು ದಶಕಗಳಲ್ಲಿ ಅದು ೨೦ ಪೌಂಡಿನವರೆಗೆ ಮಾತ್ರ ಏರಿತು. ಮೈದಾನದ ಸುತ್ತ ಜನಸಾಗರ; ಆಟಗಾರನ ಕೈಗೆ ಕುಶಲ ಕೆಲಸಗಾರನ ಸಂಬಳ. ಆಗ ಕಳ್ಳದಾರಿ ಹುಟ್ಟಿದ್ದು ಆಶ್ಚರ್ಯವಲ್ಲ. ೧೯೫೭ರಲ್ಲಿ ಸಂಡರ್ಲೆಂಡ್ ಕ್ಲಬ್ಬಿನ ಲೆಕ್ಕವನ್ನು ಶೋಧಿಸಿದಾಗ, ಮೈದಾನಕ್ಕೆ ಹಾಸುವ ಒಣಹುಲ್ಲಿನ ಖರ್ಚೆಂದು ತೋರಿಸಿ ಆಟಗಾರರಿಗೆ ಹಣ ಸಂದಾಯವಾದದ್ದು ಬೆಳಕಿಗೆ ಬಂದಿತು. ಕ್ಲಬ್ಬಿಗೆ ೫,೦೦೦ ಪೌಂಡ್ ದಂಡ ಬಿದ್ದಿತು. ಜಿಮ್ಮಿ ಹಿಲ್ ಮುಂದಾಳಾಗಿದ್ದ ಆಟಗಾರರ ಸಂಘ ಮುಷ್ಕರದ ಮಾತೆತ್ತಿದ ಮೇಲೆ, ೧೯೬೧ರಲ್ಲಿ ಆ ಮೇರೆ ರದ್ದಾಯಿತು.

ಇಲ್ಲಿ ಒಂದು ಭೇದವನ್ನು ಗುರುತಿಸಿಕೊಳ್ಳಬೇಕು. ಒಬ್ಬೊಬ್ಬ ಆಟಗಾರನಿಗೆ ಹಾಕುವ ಮೇರೆ ಬೇರೆ. ಇಡೀ ತಂಡದ ವೆಚ್ಚಕ್ಕೆ ಹಾಕುವ ಮೇರೆ ಬೇರೆ. ಮೊದಲನೆಯದು ದುಡಿಯುವವನ ಬೆಲೆಯನ್ನು ಇಳಿಸುತ್ತದೆ. ಎರಡನೆಯದು ಸಿರಿವಂತ ತಂಡವೊಂದೇ ಒಳ್ಳೆಯವರನ್ನೆಲ್ಲ ಬಾಚಿಕೊಳ್ಳದಂತೆ ತಡೆಯುತ್ತದೆ.

ಎರಡನೆಯ ಬಗೆಯ ಮೇರೆಯನ್ನು ಸಿಡ್ನಿಯ ರಗ್ಬಿ ಲೀಗ್ ೧೯೯೦ರಲ್ಲಿ ತಂದಿತು. ಉದ್ದೇಶ ಒಳ್ಳೆಯದೆ. ಆದರೆ ೨೦೦೨ರಲ್ಲಿ ಪಟ್ಟಿಯ ತುದಿಯಲ್ಲಿದ್ದ ಬುಲ್‌ಡಾಗ್ಸ್ ತಂಡ ಮಿತಿ ಮೀರಿ ಸಂಬಳ ಕೊಟ್ಟದ್ದು ಪತ್ರಿಕೆಯೊಂದರ ಶೋಧದಿಂದ ಹೊರಬಿದ್ದಿತು. ೩೭ ಅಂಕಗಳನ್ನು ಕಿತ್ತುಕೊಂಡರು. ತುದಿಯಲ್ಲಿದ್ದ ತಂಡ ತಳಕ್ಕೆ ಬಿದ್ದಿತು. ಅದಕ್ಕಿಂತ ದೊಡ್ಡ ಪ್ರಕರಣ ೨೦೧೦ರ ಏಪ್ರಿಲಿನಲ್ಲಿ ಬಯಲಾಯಿತು. ಮೆಲ್ಬರ್ನ್ ಸ್ಟಾರ್ಮ್ ತಂಡ ಎರಡು ಬಗೆಯ ಕಾಗದಪತ್ರ ಇಟ್ಟಿತ್ತು: ಲೀಗಿಗೆ ತೋರಿಸುವ ಒಪ್ಪಂದ ಒಂದು, ಆಟಗಾರನಿಗೆ ನಿಜವಾಗಿ ಕೊಡುವುದನ್ನು ಬರೆದ ಗುಟ್ಟಿನ ಪತ್ರ ಇನ್ನೊಂದು. ಐದು ಋತುಗಳಲ್ಲಿ ಮೀರಿದ ಮೊತ್ತ ೩೦ ಲಕ್ಷ ಡಾಲರಿಗೂ ಹೆಚ್ಚು. ೨೦೦೭ ಮತ್ತು ೨೦೦೯ರ ಪ್ರಶಸ್ತಿಗಳನ್ನು ಹಿಂದಕ್ಕೆ ತೆಗೆದುಕೊಂಡರು. ೧೬ ಲಕ್ಷ ಡಾಲರಿಗೂ ಮೀರಿದ ದಂಡ ಹಾಕಿದರು. ಆ ವರ್ಷ ಉಳಿದ ಪಂದ್ಯಗಳನ್ನು ಗೆದ್ದರೂ ಅಂಕವಿಲ್ಲವೆಂದರು. ಕಿತ್ತುಕೊಂಡ ಪ್ರಶಸ್ತಿಯನ್ನು ಮತ್ತೊಬ್ಬರಿಗೆ ಕೊಡಲಿಲ್ಲ. ಆ ವರ್ಷಗಳಲ್ಲಿ ನಿಯಮ ಪಾಲಿಸಿ ಸೋತವರಿಗೆ ದಕ್ಕಿದ್ದು ದಾಖಲೆಯಲ್ಲಿ ಒಂದು ಖಾಲಿ ಸ್ಥಳ. ೨೦೧೬ರಲ್ಲಿ ಪ್ಯಾರಮಾಟ ತಂಡಕ್ಕೆ ೧೨ ಅಂಕ ಮತ್ತು ೧೦ ಲಕ್ಷ ಡಾಲರ್ ನಷ್ಟವಾಯಿತು. ಅಲ್ಲಿಯೂ ಸರಕು ಒದಗಿಸುವವರ ಸುಳ್ಳು ಬಿಲ್ಲುಗಳೇ ಸಾಧನ. ಸಂಡರ್ಲೆಂಡಿನ ಒಣಹುಲ್ಲಿಗೆ ಅರವತ್ತು ವರ್ಷಗಳ ಮೇಲೆ ಮತ್ತೆ ಚಿಗುರು ಬಂದಂತಾಯಿತು.

ಇನ್ನು ನಮ್ಮ ನಾಡಿಗೆ ಬರೋಣ. ೨೦೦೮ರಲ್ಲಿ ಐಪಿಎಲ್ ಪ್ರಾರಂಭವಾದಾಗ ತಂಡವೊಂದರ ವೆಚ್ಚದ ಮೇರೆ ೫೦ ಲಕ್ಷ ಡಾಲರ್. ಬೆಂಗಳೂರಿನ ತಂಡಕ್ಕೆ ರಾಹುಲ್ ದ್ರಾವಿಡ್ ಊರಿನ ಪ್ರತಿನಿಧಿಯಾದ ತಾರೆ. ಅಂಥವರಿಗೆ ತಂಡದ ಅತಿ ಹೆಚ್ಚಿನ ಬೆಲೆಗಿಂತ ಶೇಕಡಾ ೧೫ ಹೆಚ್ಚು ಎಂಬುದು ನಿಯಮ. ೨೦೧೦ರ ಹರಾಜಿನಲ್ಲಿ ಒಬ್ಬನಿಗೆ ಕೂಗಬಹುದಾದ ಗರಿಷ್ಠ ಬೆಲೆ ೭ ಲಕ್ಷ ೫೦ ಸಾವಿರ ಡಾಲರ್ ಆಗಿತ್ತು. ವೆಸ್ಟ್ ಇಂಡೀಸಿನ ಪೊಲಾರ್ಡನಿಗಾಗಿ ಬೆಂಗಳೂರೂ ಸೇರಿ ನಾಲ್ಕು ತಂಡಗಳು ಆ ಮೇರೆಯನ್ನು ಮುಟ್ಟಿದವು. ಆಗ ಮುಚ್ಚಿದ ಲಕೋಟೆಯಲ್ಲಿ ಬೆಲೆ ಬರೆಸಿದರು, ಮುಂಬಯಿ ಗೆದ್ದಿತು, ಬರೆದ ಮೊತ್ತವನ್ನು ಪ್ರಕಟಿಸಲಿಲ್ಲ, ಹೆಚ್ಚುವರಿ ಹಣ ಆಟಗಾರನಿಗಲ್ಲ, ಲೀಗಿಗೆ. ಇದು ನಿಯಮಬದ್ಧವೇ. ಆದರೆ ಬಹಿರಂಗ ಹರಾಜಿನ ನಡುವೆ ಟವಲನ್ನು ಹೊದಿಸಿದ್ದು ನಿಯಮವೇ ಎಂಬುದನ್ನೂ ಗಮನಿಸಬೇಕು.

೨೦೧೧ರಲ್ಲಿ ಮೇರೆ ೯೦ ಲಕ್ಷ ಡಾಲರಾಯಿತು. ಬೆಂಗಳೂರು ವಿರಾಟ್ ಕೊಹ್ಲಿಯನ್ನು ಮಾತ್ರ ಉಳಿಸಿಕೊಂಡಿತು. ಅದಕ್ಕಾಗಿ ತಂಡದ ಥೈಲಿಯಿಂದ ೧೮ ಲಕ್ಷ ಡಾಲರ್ ಕಡಿತವಾಯಿತು. ಆದರೆ ಉಳಿಸಿಕೊಂಡ ಆಟಗಾರನಿಗೆ ನಿಜವಾಗಿ ಏನು ಕೊಡಬೇಕೆಂಬುದನ್ನು ಆಗಿನ ನಿಯಮ ತಂಡಕ್ಕೂ ಆಟಗಾರನಿಗೂ ಬಿಟ್ಟಿತ್ತು. ಸಿಡ್ನಿಯಲ್ಲಿ ಅಪರಾಧವೆನಿಸಿದ ಎರಡು ಲೆಕ್ಕ ಇಲ್ಲಿ ಕಾನೂನೇ ಆಗಿತ್ತು. ಈ ಕೊರತೆ ತಿದ್ದುಪಡಿಯಾದದ್ದನ್ನು ೨೦೧೮ರಲ್ಲಿ ಕಾಣಬಹುದು: ಕೊಹ್ಲಿಗೆ ನಿಗದಿಯ ೧೫ ಕೋಟಿಯ ಬದಲು ೧೭ ಕೋಟಿ ಕೊಡಲು ಬೆಂಗಳೂರು ಒಪ್ಪಿದಾಗ ಥೈಲಿಯಿಂದ ಪೂರ್ತಿ ೧೭ ಕೋಟಿಯನ್ನೇ ಕಡಿದರು.

ಬಡವನ ಮೇರೆಯ ಕಥೆ ಬೇರೆ. ಭಾರತದ ಪರವಾಗಿ ಆಡದ ತರುಣರನ್ನು ೨೦೧೧ರಲ್ಲಿ ಹರಾಜಿಗೆ ಬಿಡಲಿಲ್ಲ. ಅವರಿಗೆ ೧೦, ೨೦, ೩೦ ಲಕ್ಷ ರೂಪಾಯಿಗಳ ಮೆಟ್ಟಿಲು ಕಟ್ಟಿದರು. ಕರ್ನಾಟಕದ ಮನೀಶ್ ಪಾಂಡೆ ೨೦೦೯ರಲ್ಲಿ ಬೆಂಗಳೂರಿನ ಪರವಾಗಿ ೧೧೪ ಓಟ ಹೊಡೆದು, ಐಪಿಎಲ್‌ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯ ಎನಿಸಿದ್ದರು. ಅವರೂ ಈ ಮೆಟ್ಟಿಲಿನವರೇ. ೨೦೧೪ರಲ್ಲಿ ಈ ವರ್ಗದವರಿಗೂ ಹರಾಜಿನ ಬಾಗಿಲು ತೆರೆದಾಗ ಅವರ ಬೆಲೆ ೧ ಕೋಟಿ ೭೦ ಲಕ್ಷಕ್ಕೆ ಏರಿತು. ಮೇರೆಗೂ ಮಾರುಕಟ್ಟೆಯ ಬೆಲೆಗೂ ಎಷ್ಟು ಅಂತರವಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈ ಅಂತರವಿದ್ದ ವರ್ಷಗಳಲ್ಲಿಯೇ ಪತ್ರಿಕೆಗಳು ಒಳಹಣದ ಸಂಶಯವನ್ನು ಬರೆದವು. ೨೦೧೨ರ ಮೇ ತಿಂಗಳಲ್ಲಿ ದೂರದರ್ಶನ ವಾಹಿನಿಯೊಂದು ಮರೆಯ ಕ್ಯಾಮರಾದಲ್ಲಿ ಸೆರೆಹಿಡಿದ ಮಾತುಗಳನ್ನು ಪ್ರಸಾರ ಮಾಡಿತು. ಮೆಟ್ಟಿಲಿಗಿಂತ ಹೆಚ್ಚು ಹಣ ತನಗೆ ಬಂದಿದೆ ಎಂದು ಒಬ್ಬ ಆಟಗಾರ ಹೇಳಿದ್ದು ಅದರಲ್ಲಿತ್ತು. ಮಂಡಳಿ ಐವರನ್ನು ಅಮಾನತ್ತಿನಲ್ಲಿಟ್ಟು ವಿಚಾರಣೆ ನಡೆಸಿತು. ಬೇರೆ ತಪ್ಪಿಗಾಗಿ ಒಬ್ಬನಿಗೆ ಆಜೀವ ನಿಷೇಧ, ಮತ್ತೊಬ್ಬನಿಗೆ ೫ ವರ್ಷ. ಉಳಿದ ಮೂವರದು ಬಾಯಿಬಡುಕತನವೆಂದು ಒಂದೊಂದು ವರ್ಷ. ಒಳಹಣದ ವಿಷಯದಲ್ಲಿ ಯಾವ ತಂಡದ ಮೇಲೂ ತಪ್ಪು ಸ್ಥಾಪಿತವಾಗಲಿಲ್ಲ. ಆದುದರಿಂದ ಅದನ್ನು ಸಂಶಯವೆಂದೇ ಹೇಳಬೇಕು. ಸತ್ಯವೆಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಶಿಕ್ಷೆ ಬಿದ್ದದ್ದು ಸಂಬಳ ಪಡೆಯುವವರ ತಲೆಯ ಮೇಲೆ ಎಂಬುದು ಮಾತ್ರ ದಾಖಲೆಯ ಮಾತು.

ಕಳ್ಳಲೆಕ್ಕದಿಂದ ಆಟಗಾರನಿಗೆ ಲಾಭವಾಯಿತಲ್ಲ ಎಂದು ಕೆಲವರು ವಾದಿಸಬಹುದು. ಯೋಚಿಸಿ ನೋಡಿ. ಒಪ್ಪಂದದಲ್ಲಿ ಬರೆಯದ ಹಣವನ್ನು ಕೊಡುವವನು ನಾಳೆ ಕೊಡದಿದ್ದರೆ ಅವನು ಯಾವ ನ್ಯಾಯಾಲಯಕ್ಕೆ ಹೋಗಬೇಕು? ಮೊಣಕಾಲು ಮುರಿದು ಮನೆಗೆ ಬಂದರೆ ಯಾವ ಕಾಗದವನ್ನು ತೋರಿಸಬೇಕು? ಗುಟ್ಟಿನ ಹಣ ಪಡೆದವನು ಕೊಟ್ಟವನ ಹಂಗಿನಲ್ಲಿ ಸಿಲುಕುತ್ತಾನೆ.

೨೦೨೫ರ ಐಪಿಎಲ್ ಋತುವಿಗೆ ತಂಡದ ಮೇರೆ ೧೨೦ ಕೋಟಿ ರೂಪಾಯಿಗೆ ಏರಿತು. ಕಬಡ್ಡಿಗೂ ೨೦೧೪ರಿಂದ ಲೀಗ್ ಬಂದಿದೆ. ಬೆಂಗಳೂರು ಬುಲ್ಸ್ ಅದರಲ್ಲಿ ನಮ್ಮ ತಂಡ. ನಮ್ಮ ಶಾಲೆಗಳ ಮಣ್ಣಿನಂಗಳದಲ್ಲಿ ಉಸಿರು ಕಟ್ಟಿ 'ಕಬಡ್ಡಿ' ಎನ್ನುವ ಹುಡುಗರೂ ಹರಾಜಿನ ಕನಸು ಕಾಣುತ್ತಾರೆ. ಅವರಿಗಾಗಿ ಹಿರಿಯರು ಮಾಡಬೇಕಾದದ್ದು ಎರಡೇ: ತಂಡಕ್ಕೆ ಮೇರೆ ಇರಲಿ, ಆದರೆ ಕಿರಿಯನೊಬ್ಬನ ಬೆಲೆಯನ್ನು ತುಳಿಯುವ ಮೇರೆ ಬೇಡ, ಕೊಟ್ಟದ್ದೆಲ್ಲವೂ ಒಂದೇ ಪುಸ್ತಕದಲ್ಲಿ ಬರೆದಿರಲಿ. ಗೂಡಿನ ಮಾರುಕಟ್ಟೆಯಲ್ಲಿ ನಮ್ಮ ರೈತ ಕೇಳುವುದೂ ಇದನ್ನೇ. ಬೆಲೆ ಒಂದು ದಿನ ಏರೀತು, ಒಂದು ದಿನ ಇಳಿದೀತು. ಅದು ತನ್ನ ಕಣ್ಣೆದುರಿಗೆ ಆದರೆ ಚೀಲ ಮಡಿಚಿಕೊಂಡು ಅವನು ಸಮಾಧಾನದಿಂದ ಊರಿನ ಬಸ್ಸು ಹತ್ತುತ್ತಾನೆ.