ಅಕ್ಷರವಿಲ್ಲದ ಕಲ್ಲಿಗೆ ನಂಬರಿಲ್ಲ

ಶಿರಾಳಕೊಪ್ಪದ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಕೂತು ನಾವು ಮೂವರು ಗೆಳೆಯರು ಒಂದು ಪುಸ್ತಿಕೆಯ ಲೆಕ್ಕ ಹಾಕುತ್ತಿದ್ದೆವು. 48 ಪುಟ, ಕೈಗೆಟುಕುವ ಬೆಲೆ. ವಿಷಯ: ಶಿಕಾರಿಪುರ, ಸೊರಬ ಸೀಮೆಯ ವಿನ್ಯಾಸ. ಕಲ್ಲಿನಲ್ಲಿ, ಮರದಲ್ಲಿ, ಬೆಂಡಿನಲ್ಲಿ ಇಲ್ಲಿಯ ಕೈಗಳು ಬಿಡಿಸಿದ್ದನ್ನೆಲ್ಲ ಒಂದೆಡೆ ತರುವ ಆಸೆ. ಹೆಸರು ನಿರ್ಧಾರವಾಯಿತು, ಕಾಗದ ನಿರ್ಧಾರವಾಯಿತು. ಎರಡನೇ ಚಹಾ ಬರುವ ಹೊತ್ತಿಗೆ ಜಗಳ ಶುರುವಾಯಿತು. ಪುಸ್ತಿಕೆಯೊಳಗೆ ಏನಿರಬೇಕು?

ಚಿತ್ರ ಬಿಡಿಸುವ ಗೆಳೆಯ ನಮೂನೆಗಳು ಸಾಕು ಎಂದ. ಬಳ್ಳಿ, ಹಂಸ, ಕೀರ್ತಿಮುಖ, ಜಾಲಂಧ್ರ ಇವನ್ನು ಗೆರೆಯಲ್ಲಿ ಎತ್ತಿ ಪುಟಕ್ಕೊಂದರಂತೆ ಅಚ್ಚು ಹಾಕೋಣ, ಮಾತೇ ಬೇಡ. ಇತಿಹಾಸ ಓದಿದವನು ಅದಕ್ಕೆ ಒಪ್ಪಲಿಲ್ಲ. ಕಾಲ, ಅರಸ, ಶಾಸನ ಇಲ್ಲದಿದ್ದರೆ ಅದು ರಂಗೋಲಿ ಪುಸ್ತಕವಾಗುತ್ತದೆ ಎಂದ. ನನಗೆ ಎರಡೂ ಸರಿ ಎನಿಸಿ, ಎರಡರಲ್ಲೂ ಏನೋ ಬಿಟ್ಟುಹೋಗಿದೆ ಎಂದೂ ಅನಿಸಿತು. ಏನು ಬಿಟ್ಟುಹೋಗಿದೆ ಎಂದು ಹುಡುಕುತ್ತ ಹೋದಾಗ ತಿಳಿದದ್ದು, ಈ ಜಗಳ ನಮ್ಮದಲ್ಲ. ನಮ್ಮ ಊರಿನ ಸುತ್ತಮುತ್ತಲೇ ನೂರೈವತ್ತು ವರ್ಷಗಳಿಂದ ನಡೆದು ಬಂದದ್ದು.

ಶಿರಾಳಕೊಪ್ಪದಿಂದ ಎರಡು-ಮೂರು ಕಿಲೋಮೀಟರ್ ದೂರದಲ್ಲಿ ಬಳ್ಳಿಗಾವಿ ಇದೆ. ಶಾಸನಗಳ ಬಳ್ಳಿಗ್ರಾಮೆ, ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿದ್ದ ಊರು. ಹತ್ತಿರದಲ್ಲೇ ತಾಳಗುಂದ. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿ ಮೈಸೂರು ಸೀಮೆಯ ಶಾಸನಗಳ ಫೋಟೊ ತೆಗೆದರು. ಆ ಫೋಟೊಗಳನ್ನು ಮುಂದಿಟ್ಟುಕೊಂಡು ಬಿ. ಎಲ್. ರೈಸ್ 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಅನುವಾದಗಳ ಪುಸ್ತಕ ತಂದರು. ಆಮೇಲೆ ಬಂದದ್ದು ‘ಎಪಿಗ್ರಾಫಿಯಾ ಕರ್ನಾಟಿಕಾ’, 1886ರಿಂದ 1905ರವರೆಗೆ ಹನ್ನೆರಡು ಸಂಪುಟ, ಒಂಬತ್ತು ಸಾವಿರದ ಹತ್ತಿರ ಶಾಸನ. ಶಿಕಾರಿಪುರ ತಾಲ್ಲೂಕು 1902ರ ಏಳನೇ ಸಂಪುಟದಲ್ಲಿದೆ, ಸೊರಬ 1904ರ ಎಂಟನೆಯದರಲ್ಲಿ.

ರೈಸ್ ಮಾಡಿದ ಆಯ್ಕೆ ಸ್ಪಷ್ಟ. ಅವರಿಗೆ ಬೇಕಾಗಿದ್ದುದು ಅರಸರ ವಂಶಾವಳಿ, ತೇದಿ, ದಾನದ ವಿವರ. ಆದ್ದರಿಂದ ಕಲ್ಲಿನ ಮೇಲಿನ ಅಕ್ಷರ ಪುಸ್ತಕಕ್ಕೆ ಬಂತು. ತಾಲ್ಲೂಕಿನ ಹೆಸರು, ಒಂದು ಕ್ರಮಸಂಖ್ಯೆ, ಪಾಠ, ಅನುವಾದ. ತಾಳಗುಂದದ ಕಂಬ ಇವತ್ತಿಗೂ ವಿದ್ವಾಂಸರ ಬಾಯಲ್ಲಿ ‘ಶಿಕಾರಿಪುರ 176’. ಈ ಕೆಲಸ ಆಗದೇ ಹೋಗಿದ್ದರೆ ಕದಂಬರ ಬಗ್ಗೆ, ಕಲ್ಯಾಣ ಚಾಲುಕ್ಯರ ಬಗ್ಗೆ ನಾವು ಆಡುವ ಮಾತಿನಲ್ಲಿ ಅರ್ಧದಷ್ಟೂ ಇರುತ್ತಿರಲಿಲ್ಲ. ಅದನ್ನು ಮರೆತು ರೈಸರ ಲೋಪ ಎಣಿಸುವುದು ಕೃತಘ್ನತೆಯಾದೀತು.

ಆದರೂ ನಮ್ಮ ಹೊಲದ ಬದುಗಳಲ್ಲಿ ನಿಂತಿರುವ ಒಂದು ವೀರಗಲ್ಲನ್ನು ನೆನೆಸಿಕೊಳ್ಳಿ. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣ. ಕೆಳಗೆ ಕಾಳಗ: ಬಿಲ್ಲು, ಕುದುರೆ, ಬಿದ್ದ ಹೆಣ, ಕೆಲವೆಡೆ ಹಿಂದಕ್ಕೆ ತಿರುಗಿಸಿದ ತುರುಗಳು. ನಡುವೆ ವೀರನನ್ನು ಎರಡೂ ಕಡೆಯಿಂದ ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಕತೆ. ಅಕ್ಷರ ಬರುವುದು ಈ ಅಂಕಣಗಳ ನಡುವಿನ ಕಿರಿದಾದ ಪಟ್ಟಿಗಳಲ್ಲಿ. ಓದು ಬಾರದವನಿಗೆ ಚಿತ್ರ, ಬಲ್ಲವನಿಗೆ ಪಟ್ಟಿ. ಎರಡನ್ನೂ ಒಂದೇ ಕಲ್ಲಿನಲ್ಲಿ ಹೊಂದಿಸಿದವನ ಜಾಣತನಕ್ಕೆ ವಿನ್ಯಾಸ ಎನ್ನದೆ ಇನ್ನೇನು ಹೇಳುವುದು? ಸಂಪುಟದಲ್ಲಿ ಪಟ್ಟಿಗಳ ಸಾಲುಗಳು ಒಂದರ ಹಿಂದೆ ಒಂದು ಬಂದು ಕೂತವು, ಅಂಕಣಗಳು ಹೊಲದಲ್ಲೇ ಉಳಿದವು. ಪಟ್ಟಿಯಲ್ಲಿ ಏನೂ ಬರೆಯದ ವೀರಗಲ್ಲುಗಳಂತೂ ಪುಸ್ತಕದ ಬಾಗಿಲಿಗೇ ಬರಲಿಲ್ಲ. ಅಕ್ಷರವಿಲ್ಲದ ಕಲ್ಲಿಗೆ ನಂಬರಿಲ್ಲ. ನಂಬರಿಲ್ಲದ ಕಲ್ಲನ್ನು ಬಟ್ಟೆ ಒಗೆಯಲು ಹಾಸಿದರೂ, ಕಾಲುವೆಗೆ ಅಡ್ಡ ಹಾಕಿದರೂ ಕೇಳುವವರು ಕಡಿಮೆ. ಪ್ರಕಟಣೆಯಿಂದ ಹೊರಗುಳಿಯುವುದೆಂದರೆ ಎಷ್ಟೋ ಸಲ ಕಣ್ಣಿನಿಂದಲೇ ಹೊರಗುಳಿಯುವುದು.

ಹಾಗೆಂದು ಇದು ಇಂಗ್ಲಿಷರ ಕಾಲಕ್ಕೆ ಹುಟ್ಟಿದ ರೂಢಿಯೂ ಅಲ್ಲ. ಬಳ್ಳಿಗಾವಿಯ ಕೇದಾರೇಶ್ವರಕ್ಕೆ ಸೇರಿದ ಕೋಡಿಯಮಠದ ಬಗ್ಗೆ 1162ರ ಶಾಸನವೊಂದಿದೆ. ಅಲ್ಲಿ ಏನೇನು ಕಲಿಸುತ್ತಿದ್ದರು ಎಂಬ ಉದ್ದನೆಯ ಪಟ್ಟಿ ಅದರಲ್ಲಿದೆ: ನಾಲ್ಕು ವೇದ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ಬೌದ್ಧವನ್ನೂ ಬಿಡದ ದರ್ಶನಗಳು, ಯೋಗಶಾಸ್ತ್ರ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಸಿಗುವ ಜಾಗ, ರೋಗಿಗಳಿಗೆ ಔಷಧ ಸಿಗುವ ಜಾಗ ಎಂದೂ ಹೇಳಿದೆ. ಇಷ್ಟು ಉದಾರವಾದ ಪಟ್ಟಿಯಲ್ಲಿ ಶಿಲ್ಪ ಎಂಬ ಹೆಸರು ಬೇರೆಯಾಗಿ ಬಂದಿಲ್ಲ. ಕೊನೆಯಲ್ಲಿ ಬರುವ ‘ಬಗೆಬಗೆಯ ವಿದ್ಯೆ’ಗಳಲ್ಲಿ ಸೇರಿಸಿಕೊಳ್ಳಬಹುದು, ಅಷ್ಟೇ. ಊರ ತುಂಬ ಉಳಿಯ ಸದ್ದು ಕೇಳುತ್ತಿದ್ದ ಶತಮಾನದಲ್ಲಿ ಆ ಮಾತನ್ನು ಕಲ್ಲಿಗೆ ಇಳಿಸಿದವನೂ ಒಬ್ಬ ಕಲ್ಲುಕುಟಿಗನೇ.

ನನ್ನ ಚಿತ್ರಕಾರ ಗೆಳೆಯ ಬಯಸಿದ ದಾರಿಗೂ ಹಿರಿಯರಿದ್ದಾರೆ. 1856ರಲ್ಲಿ ಲಂಡನ್ನಿನಲ್ಲಿ ಓವನ್ ಜೋನ್ಸ್ ‘ದಿ ಗ್ರಾಮರ್ ಆಫ್ ಆರ್ನಮೆಂಟ್’ ಪ್ರಕಟಿಸಿದ. ಬಣ್ಣದ ಕಲ್ಲಚ್ಚಿನ ನೂರು ಪುಟಗಳಲ್ಲಿ ಈಜಿಪ್ಟ್, ಗ್ರೀಸ್, ಪರ್ಷಿಯಾ, ಭಾರತ, ಚೀನಾ ಎಲ್ಲ ಕಡೆಯ ಅಲಂಕಾರಗಳು. ಬಟ್ಟೆಯ ಅಂಚು, ಪಾತ್ರೆಯ ಹೊಟ್ಟೆ, ಗೋಡೆಯ ಮೂಲೆ ಎಲ್ಲವೂ ತಮ್ಮ ಬಟ್ಟೆ, ಪಾತ್ರೆ, ಗೋಡೆಗಳಿಂದ ಬಿಡಿಸಿಕೊಂಡು ಬಂದು ಚೌಕಗಳಲ್ಲಿ ಸಾಲಾಗಿ ಕೂತವು. ಆ ಪುಸ್ತಕ ನೋಡಿದರೆ ಕಣ್ಣು ತಣಿಯುತ್ತದೆ. ಭಾರತದ ಕುಶಲಿಗಳ ಬಣ್ಣದ ಹದವನ್ನು ಜೋನ್ಸ್ ಬಹಳ ಮೆಚ್ಚಿಕೊಂಡಿದ್ದ ಕೂಡ. ಆದರೆ ಅಲ್ಲಿ ಹೆಸರಿರುವುದು ದೇಶಗಳಿಗೆ, ಕಾಲಗಳಿಗೆ. ಕೈಗಳಿಗಲ್ಲ. ಬಿಡಿಸಿಟ್ಟ ನಮೂನೆ ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ಸರಕಾಗುತ್ತದೆ. ಆ ಪುಸ್ತಕ ಹುಟ್ಟಿದ್ದೂ ಕಾರ್ಖಾನೆಗಳ ಕಾಲದಲ್ಲೇ, ನಮೂನೆ ಕಲಿಯುವವರ ಕೈಪಿಡಿಯಾಗಿಯೇ.

ಮೂರನೆಯ ಆಯ್ಕೆ ಮಾಡಿದವರು ನಮ್ಮವರು, ಆರ್. ನರಸಿಂಹಾಚಾರ್. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅವರು ‘ಕರ್ನಾಟಕ ಕವಿಚರಿತೆ’ಯಿಂದ ಗೊತ್ತು. ಅದರ ಮೊದಲ ಸಂಪುಟ ಬಂದದ್ದು 1907ರಲ್ಲಿ. ಅದಕ್ಕೆ ಹಿಂದಿನ ವರ್ಷ, 1906ರಲ್ಲಿ, ಅವರು ರೈಸರ ನಂತರ ಮೈಸೂರು ಪುರಾತತ್ವ ಇಲಾಖೆಯ ಹೊಣೆ ಹೊತ್ತರು, 1922ರವರೆಗೆ ಅಲ್ಲಿದ್ದರು. ಸೋಮನಾಥಪುರದ ಕೇಶವ ದೇವಾಲಯದ ಮೇಲೆ 1917ರಲ್ಲಿ, ಬೇಲೂರು ಮತ್ತು ದೊಡ್ಡಗದ್ದವಳ್ಳಿಯ ಮೇಲೆ 1919ರಲ್ಲಿ ಬಿಡಿ ಪುಸ್ತಕಗಳನ್ನು ತಂದರು. ಅವುಗಳಲ್ಲಿ ನಕ್ಷೆ ಇದೆ, ಫೋಟೊ ಇದೆ, ಗೋಡೆಯ ವಿವರಣೆ ಇದೆ. ಜೊತೆಗೆ, ವಿಗ್ರಹಗಳ ಪೀಠದ ಮೇಲೆ ಸಣ್ಣಗೆ ಕೊರೆದಿದ್ದ ಶಿಲ್ಪಿಗಳ ಹೆಸರುಗಳನ್ನು ಆರಿಸಿ, ಯಾವ ವಿಗ್ರಹಕ್ಕೆ ಯಾರ ಹೆಸರು ಎಂದು ಹೊಂದಿಸಿ ಅಚ್ಚು ಹಾಕಿಸಿದರು.

ಅರಸರ ಇತಿಹಾಸ ಬರೆಯುವವನಿಗೆ ಒಂದು ಸಾಲಿನ ಆ ಬರಹಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದರಲ್ಲಿ ತೇದಿ ಇಲ್ಲ, ದಾನ ಇಲ್ಲ. ಆದರೆ ಕವಿಗಳ ಊರು, ತಂದೆ, ಬಿರುದು, ಕೃತಿ ಎಂದು ಕವಿಚರಿತೆಗಾಗಿ ಬರೆದುಕೊಳ್ಳುತ್ತಿದ್ದ ಮನುಷ್ಯನಿಗೆ ಶಿಲ್ಪಿಯ ಊರು, ತಂದೆ, ಬಿರುದು, ಕೃತಿ ಬರೆದುಕೊಳ್ಳುವುದು ಸಹಜವಾಗಿ ಕಂಡಿರಬೇಕು ಎಂದು ನನ್ನ ಊಹೆ. ಕವಿಗೊಂದು ಚರಿತೆ ಇರುವುದಾದರೆ ರೂವಾರಿಗೇಕೆ ಬೇಡ?

ಬೇಲೂರಿನ ಆ ಹೆಸರುಗಳಲ್ಲಿ ನಮ್ಮ ಊರಿನವರಿದ್ದಾರೆ. ಬಳ್ಳಿಗ್ರಾಮೆಯ ದಾಸೋಜ, ಅವನ ಮಗ ಚಾವಣ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿಗೆ ತಂದೆ-ಮಗ ಹತ್ತಿರ ಹತ್ತಿರ ಇನ್ನೂರು ಕಿಲೋಮೀಟರ್ ನಡೆದೋ ಗಾಡಿಯಲ್ಲೋ ಹೋದರು. ಜಗತ್ತೇ ನೋಡಲು ಬರುವ ಮದನಿಕೆಯರಲ್ಲಿ ಹಲವರು ಇವರಿಬ್ಬರ ಕೈಯವರು. ಹೆಸರಿನ ಜೊತೆ ಎದುರಾಳಿ ಶಿಲ್ಪಿಗಳ ಸೊಕ್ಕು ಮುರಿಯುವಂಥ ಬಿರುದುಗಳನ್ನೂ ಹಾಕಿಕೊಂಡಿದ್ದಾರೆ, ಸಂಕೋಚವೇನಿಲ್ಲ. ನಮ್ಮ ಕಡೆ ಈ ಅಭ್ಯಾಸ ಇನ್ನೂ ಹಳೆಯದು. ತಾಳಗುಂದದ ಕಂಬದ ಮೇಲಿನ ಐದನೇ ಶತಮಾನದ ಸಂಸ್ಕೃತ ಕಾವ್ಯದ ಕೊನೆಯಲ್ಲಿ ಕವಿ ಕುಬ್ಜ, ಇದು ನನ್ನದೇ ಕಾವ್ಯ, ಕಲ್ಲಿನ ಮೇಲೆ ಬರೆದವನೂ ನಾನೇ ಎಂದು ಹೇಳಿಕೊಂಡಿದ್ದಾನೆ. ಹೇಳಿದವನು, ಬರೆದವನು ಇಬ್ಬರೂ ಒಂದೇ ಹೆಸರಿನಲ್ಲಿ ಸಿಗುವ ಕಲ್ಲು ಅದು.

ಇಷ್ಟು ಓದಿಕೊಂಡ ಮೇಲೆ ನನಗೆ ಉತ್ತರ ಸಿಕ್ಕಿತು ಎನಿಸಿತ್ತು. ಅಕ್ಷರವೂ ಇರಲಿ, ನಮೂನೆಯೂ ಇರಲಿ, ಹೆಸರೂ ಇರಲಿ, ಎಲ್ಲವನ್ನೂ ಹಾಕೋಣ. ಆ ಧೈರ್ಯದಲ್ಲೇ ಗಂಧದ ಕೆತ್ತನೆಯ ಅಧ್ಯಾಯಕ್ಕಾಗಿ ಸೊರಬದ ಕಡೆ ಹೊರಟೆ.

ಸಾಗರ, ಸೊರಬದ ಗುಡಿಗಾರರ ಕೆಲಸ ಹಳೆಯ ಪುಸ್ತಕಗಳಲ್ಲಿ ದಾಖಲಾಗಿದೆ. ಕಲ್ಲಿನ ಚಿತ್ರವನ್ನು ಶಾಸನ ಸಂಪುಟಕ್ಕೆ ತರದ ಅದೇ ರೈಸ್, ಮೈಸೂರು ಗೆಜೆಟಿಯರಿನಲ್ಲಿ ಇವರ ಗಂಧದ ಪೆಟ್ಟಿಗೆಗಳ ಬಗ್ಗೆ, ಅವುಗಳ ಮೇಲಿನ ಹೆಣೆದ ಬಳ್ಳಿಗಳ ಬಗ್ಗೆ ಬರೆದರು. ಗೆಜೆಟಿಯರಿಗೆ ಬೇಕಾದುದು ನಾಡಿನ ಕಸುಬು, ಹುಟ್ಟುವಳಿ. ಆದ್ದರಿಂದ ಅಲ್ಲಿ ಕೆಲಸಕ್ಕೆ ಜಾಗ ಸಿಕ್ಕಿತು. ನಮೂನೆಯನ್ನು ಕಾಗದದಲ್ಲಿ ಬರೆದು ಮರಕ್ಕೆ ಅಂಟಿಸಿಯೋ, ಮರಕ್ಕೇ ಬಿಳಿ ಬಳಿದು ಅದರ ಮೇಲೆ ಬರೆದೋ, ಮೊದಲು ಸಣ್ಣ ಉಳಿಯಿಂದ ಅಂಚು ಕೊರೆದು ಆಮೇಲೆ ಒಳಗಿನದನ್ನು ತೆಗೆಯುವ ಕ್ರಮ ಇವರದು. ಅಲ್ಲಿ ಸಿಕ್ಕ ಹೆಸರು ಮಾತ್ರ ‘ಗುಡಿಗಾರರು’ ಎಂಬುದು, ಒಬ್ಬೊಬ್ಬರದಲ್ಲ.

ನಾನು ಹೋದದ್ದು ಒಬ್ಬ ಹಿರಿಯ ಗುಡಿಗಾರರ ಮನೆಗೆ. ಮದುವೆಯ ಕಾಲವಾದ್ದರಿಂದ ಜಗಲಿಯಲ್ಲಿ ಬೆಂಡಿನ ಬಾಸಿಂಗದ ಕೆಲಸ ನಡೆದಿತ್ತು. ನಮ್ಮ ಪುಸ್ತಿಕೆಯ ವಿಷಯ ಹೇಳಿದೆ. ಅವರು ಒಳಗಿನಿಂದ ತಗಡಿನ ಡಬ್ಬಿ ತಂದು ಹಳೆಯ ಹಾಳೆಗಳನ್ನು ಬಿಚ್ಚಿದರು. ಪೆನ್ಸಿಲ್ಲಿನ ಗೆರೆ, ಕೆಲವು ಕಡೆ ಶಾಯಿ. ಬಳ್ಳಿಯೊಳಗೆ ಬಳ್ಳಿ, ಎಲೆಯ ಹಿಂದೆ ಗಿಳಿ. ನಾನು ಮೊಬೈಲ್ ತೆಗೆದೆ.

“ಫೋಟೊ ಹೊಡಕೊಳಿ ತಮ್ಮಾ. ಪೆಟ್ಟಿಗೇದು ಹೊಡಕೊಳಿ, ಉಳೀದು ಹೊಡಕೊಳಿ, ನಂದೂ ಹೊಡಕೊಳಿ. ಈ ಹಾಳೇದು ಮಾತ್ರ ಬ್ಯಾಡ.”

“ಯಾಕೆ ಅಜ್ಜಾ? ನಿಮ್ಮ ಹೆಸರು ಹಾಕಿಯೇ ಹಾಕ್ತೇವೆ.”

“ಹೆಸರು ಹಾಕ್ತೀರಿ, ಖರೆ. ಮಿಷನ್ನಿಗೆ ಹೆಸರು ಓದಲಿಕ್ಕೆ ಬರ್ತದಾ? ಗೆರೆ ಮಾತ್ರ ಬರ್ತದೆ.”

ಅವರು ಹೇಳಿದ್ದು ಬಾಗಿಲು, ಮಂಚಗಳ ಮೇಲೆ ಹೂಬಳ್ಳಿ ಕೊರೆಯುವ ಕಂಪ್ಯೂಟರ್ ಯಂತ್ರಗಳನ್ನು. ಚಿತ್ರ ಕೊಟ್ಟರೆ ಸಾಕು, ಅದು ಎಷ್ಟು ಬೇಕಾದರೂ ಕೊರೆಯುತ್ತದೆ. ಅವರ ತಂದೆ ಬರೆದಿಟ್ಟ ಹಾಳೆಗಳೆಂದರೆ ಆ ಮನೆಗೆ ಹೊಲವಿದ್ದಂತೆ. ಅದನ್ನು ನಾನು ಅಂದದ ಪುಸ್ತಿಕೆಯಲ್ಲಿ ಅಚ್ಚು ಹಾಕಿ, ಕೆಳಗೆ ಅವರ ಹೆಸರು ಹಾಕಿ, ಗೌರವ ಸಲ್ಲಿಸಿದೆ ಎಂದು ಬೀಗುವವನಿದ್ದೆ. ಗೌರವ ನನಗೆ ಉಳಿಯುತ್ತಿತ್ತು, ಹೊಲ ಹೋಗುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ದಾಸೋಜನ ನೆನಪಾಯಿತು. ಅವನು ತನ್ನ ನಮೂನೆಯನ್ನು ಬೇಲೂರಿನ ಬೆಳಕಿನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದ, ಬುಡದಲ್ಲಿ ಹೆಸರೂ ಕೊರೆದ. ಅವನಿಗೆ ಭಯವಿರಲಿಲ್ಲ, ನೋಡಿದವನು ಅದನ್ನು ಮತ್ತೆ ಮಾಡಬೇಕಾದರೆ ಅಂಥದೇ ಕೈ ಬೇಕಿತ್ತು. ಎದುರಾಳಿಯನ್ನು ಕೆಣಕುವ ಬಿರುದಿನ ಅರ್ಥವೂ ಅದೇ ಇರಬೇಕು, ಕೈಯಿದ್ದರೆ ಮಾಡಿ ತೋರಿಸು. ಆ ಸವಾಲು ಇವತ್ತಿನ ಅಜ್ಜನಿಗೆ ಹಾಕಲಾಗುವುದಿಲ್ಲ. ಹಾಗಾಗಿ ಏನನ್ನು ಪ್ರಕಟಿಸಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಹೊಲದ ಬದುವಿನ ವೀರಗಲ್ಲಿಗೆ ಪ್ರಕಟಣೆಯೇ ರಕ್ಷಣೆ. ಗುಡಿಗಾರರ ಡಬ್ಬಿಯ ಹಾಳೆಗೆ ಪ್ರಕಟಿಸದಿರುವುದೇ ರಕ್ಷಣೆ. ಮಾಡಿದವರು ಬದುಕಿರುವಾಗ ಅವರನ್ನು ಕೇಳದೆ ಇದನ್ನು ತೀರ್ಮಾನಿಸಲು ನಾವು ಮೂವರು ಯಾರು?

ಮುಂದಿನ ಭಾನುವಾರ ಅದೇ ಹೋಟೆಲಿನಲ್ಲಿ ನನ್ನ ಮಾತು ಹೇಳಿದೆ. ಚಿತ್ರಕಾರ ಗೆಳೆಯನಿಗೆ ಬೇಸರವಾಯಿತು. ಪುಸ್ತಿಕೆಯ ಅತಿ ಚೆಂದದ ಪುಟಗಳು ಹೋದವು ಎಂದ. ಅದು ನಿಜವೇ. ಕೊನೆಗೆ ಒಪ್ಪಿದ್ದು ಇಷ್ಟು. ಮೊದಲ ಭಾಗದಲ್ಲಿ ಅಕ್ಷರವಿಲ್ಲದ ವೀರಗಲ್ಲುಗಳು, ಮೂರೂ ಅಂಕಣಗಳ ಗೆರೆಚಿತ್ರದೊಂದಿಗೆ, ಯಾವ ಊರು, ಯಾವ ಜಾಗದಲ್ಲಿವೆ ಎಂಬ ವಿವರದೊಂದಿಗೆ. ಅವಕ್ಕೆ ನಾವೇ ನಂಬರು ಕೊಡುತ್ತೇವೆ. ಎರಡನೆಯದು ದಾಸೋಜ, ಚಾವಣ, ಕುಬ್ಜರ ಹೆಸರುಗಳ ಭಾಗ. ಮೂರನೆಯದು ಗಂಧದ ಕೆತ್ತನೆ: ಕುಳಿತುಕೊಳ್ಳುವ ಭಂಗಿ, ಉಳಿಗಳ ಸಾಲು, ಮರ ಹದಕ್ಕೆ ಬಂದದ್ದನ್ನು ಮೂಸಿ ತಿಳಿಯುವ ಬಗೆ, ಕೆಲಸ ಕಲಿತ ಕತೆ. ಹಾಳೆಗಳಿಗೆ ಮೀಸಲಿಟ್ಟ ಪುಟ ಖಾಲಿ ಇರುತ್ತದೆ. ಯಾಕೆ ಖಾಲಿ ಎಂದು ಕೆಳಗೆ ಎರಡು ಸಾಲು.

ಅಜ್ಜನಿಗೆ ಇದನ್ನು ಓದಿ ಹೇಳಿದೆ. ಖಾಲಿ ಪುಟದ ವಿಷಯ ಬಂದಾಗ ನಕ್ಕರು. “ಅದರಲ್ಲಿ ಲೆಕ್ಕ ಬರಕೊಳ್ಳಬಹುದು ಜನ” ಎಂದು ಬಾಸಿಂಗದ ಬೆಂಡನ್ನು ಮತ್ತೆ ಕೈಗೆತ್ತಿಕೊಂಡರು.